ಹಸಿ ಅಂಚು

ಸಂಜೆಯ ಬೆಳಕು ಕಂದುವ ಹೊತ್ತಿಗೆ ಬಣ್ಣದಣ್ಣ ಬ್ರಷ್ ತೊಳೆಯುತ್ತಾರೆ. ಮೊದಲು ಹಳೆಯ ತಗಡಿನ ಡಬ್ಬದ ನೀರಿನಲ್ಲಿ ಅದ್ದಿ ಅಲುಗಿಸುತ್ತಾರೆ. ಆಮೇಲೆ ನಲ್ಲಿಯ ಕೆಳಗೆ ಹಿಡಿದು, ಮಗುವಿನ ತಲೆ ಬಾಚುವ ಹಾಗೆ ಬೆರಳುಗಳಿಂದ ಬಾಚುತ್ತಾರೆ. ಬುಡದಲ್ಲಿ ಹೆಬ್ಬೆರಳು ಒತ್ತಿ, ಅಲ್ಲಿ ಅಡಗಿರುವ ಬಣ್ಣವನ್ನು ಬಿಡಿಸುತ್ತಾರೆ. ಕೊನೆಗೆ ಒಮ್ಮೆ ಜಾಡಿಸಿ ನೀರು ಕೊಡವಿ, ಹಿಂಬಾಗಿಲ ಮೊಳೆಗೆ ತಲೆಕೆಳಗಾಗಿ ತೂಗುಹಾಕುತ್ತಾರೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಮದುವೆಯ ದಿನವೂ ಹೊಸ ಬಟ್ಟೆಯ ತೋಳು ಮಡಚಿಕೊಂಡು ತೊಳೆದಿದ್ದರಂತೆ. ಹೆಣ್ಣಿನ ಕಡೆಯವರು ನಕ್ಕಾಗ, "ಗಟ್ಟಿಯಾದ ಬ್ರಷ್ಷೂ ಮುರಿದ ಮಾತೂ ಮತ್ತೆ ಮೆತ್ತಗಾಗಲ್ಲ" ಎಂದಿದ್ದರಂತೆ.

ಏಣಿಯಿಂದ ಬಿದ್ದ ಮೇಲೂ ಆ ಅಭ್ಯಾಸ ಉಳಿಯಿತು. ಉಳಿದದ್ದು ಅದೊಂದೇ. ಒಮ್ಮೆ ಅದೇ ಅವರಿಗೆ ಮುಳುವೂ ಆಯಿತು.

ಗೋಡೆಗೆ ಬಣ್ಣ ಬಳಿಯುವುದು ಅವರ ಕಸುಬು. ಬೀದಿಯವರೆಲ್ಲ ಬಣ್ಣದಣ್ಣ ಎಂದೇ ಕರೆಯುವುದು. ಅವರು ಅಣ್ಣನಾದ ಮೇಲೆ ಅವರ ಹೆಂಡತಿ ನಮಗೆಲ್ಲ ಅತ್ತಿಗೆ. ಅತ್ತಿಗೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಯಂತ್ರದಿಂದ ಬಿಸಿಬಿಸಿಯಾಗಿ ಬಂದ ಹಾಸಿಗೆ ಬಟ್ಟೆಗಳನ್ನು ಇಬ್ಬರು ಎದುರುಬದುರು ನಿಂತು, ಮೂಲೆ ಹಿಡಿದು, ಒಬ್ಬರತ್ತ ಒಬ್ಬರು ನಡೆದು ಮಡಚಬೇಕು. ದಿನವಿಡೀ ಹಾಗೆ ನಡೆದು ಮನೆಗೆ ಬಂದರೆ ಭುಜ ತಮ್ಮದಲ್ಲ ಅನ್ನಿಸುತ್ತದೆ ಎನ್ನುತ್ತಾರೆ. ಮಗಳೊಬ್ಬಳು, ಶಾಲೆಗೆ ಹೋಗುವವಳು. ಬಾಯಿ ಅಪ್ಪನದು, ಅಂದರೆ ಬೀಳುವ ಮೊದಲಿನ ಅಪ್ಪನದು.

ಯಾರದೋ ಮನೆಯ ಮೆಟ್ಟಿಲ ಮೇಲಿನ ಎತ್ತರದ ಗೋಡೆಗೆ ಬಳಿಯುತ್ತಿದ್ದಾಗ ಏಣಿ ಜಾರಿತು. ಹಣೆ ಮೆಟ್ಟಿಲ ಅಂಚಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಕೆಲವು ದಿನ ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಕಣ್ಣು ಬಿಟ್ಟರು, ಹೆಂಡತಿಯನ್ನು ಗುರುತಿಸಿದರು, ಮಗಳ ಪರೀಕ್ಷೆ ಯಾವಾಗ ಎಂದು ಕೇಳಿದರೆ ಸರಿಯಾಗಿ ಹೇಳಿದರು. ಕೈಕಾಲು ಆಡುತ್ತಿದ್ದವು, ಮಾತಿತ್ತು, ನೆನಪಿತ್ತು. ಹುಬ್ಬಿನ ಮೇಲೆ ಹೊಲಿಗೆಯ ಗೆರೆಯೊಂದು ಬಿಟ್ಟರೆ ಹೋದ ಹಾಗೇ ಮನೆಗೆ ಬಂದರು. ದೇವರು ದೊಡ್ಡವನು ಎಂದು ಅತ್ತಿಗೆ ಕಣ್ಣೊರೆಸಿಕೊಂಡರು.

ಮನೆಗೆ ಬಂದವರು ಕುರ್ಚಿಯ ಮೇಲೆ ಕುಳಿತರು. ಮತ್ತೆ ಏಳಲಿಲ್ಲ.

ಏಳಿಸಿದರೆ ಏಳುತ್ತಿದ್ದರು. "ರೀ, ಸ್ನಾನಕ್ಕೆ ಹೋಗಿ" ಎಂದರೆ "ಆಯ್ತು" ಎನ್ನುವರು, ಹೋಗುವರು. ಸ್ನಾನದ ಮನೆಯಲ್ಲಿ ನಿಂತಿರುವರು. "ನೀರು ಹಾಕ್ಕೊಳ್ಳಿ." "ಆಯ್ತು." "ಸೋಪು." "ಆಯ್ತು." ತಟ್ಟೆ ಮುಂದಿಟ್ಟರೆ ನೋಡುವರು, ಉಣ್ಣಿ ಎಂದರೆ ಉಣ್ಣುವರು, ನಡುವೆ ಯಾರಾದರೂ ಮಾತಾಡಿಸಿ ತಡೆದರೆ ತುತ್ತು ಕೈಯಲ್ಲೇ ಒಣಗುವುದು. ಸಿಟ್ಟಿಲ್ಲ, ಬೇಸರವಿಲ್ಲ, ಯಾವುದಕ್ಕೂ ಬೇಡ ಎಂಬ ಮಾತಿಲ್ಲ. ಮೊದಲು ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದ ಮನುಷ್ಯ. ಆ ಕೂಗಾಟ ನಿಲ್ಲಲಿ ಎಂದು ಒಂದು ಕಾಲದಲ್ಲಿ ಪ್ರಾರ್ಥಿಸಿದ್ದುಂಟು ಎಂದು ಅತ್ತಿಗೆ ನನ್ನ ಹತ್ತಿರ ಹೇಳಿ, ನಗಲು ನೋಡಿದರು.

"ಅಪ್ಪ ರಿಮೋಟ್ ಕಳೆದುಹೋದ ಟಿವಿ ಥರ ಆಗಿದ್ದಾರಮ್ಮ," ಎಂದಳು ಮಗಳು. "ಎಲ್ಲಾ ಸರಿ ಇದೆ, ಆನ್ ಮಾತ್ರ ಆಗಲ್ಲ."

"ಬಾಯ್ಮುಚ್ಚು," ಎಂದರು ಅತ್ತಿಗೆ. ಆದರೆ ಆಸ್ಪತ್ರೆಯಲ್ಲಿ ಯಾರೂ ಅಷ್ಟು ಸರಿಯಾಗಿ ಹೇಳಿರಲಿಲ್ಲ.

ಬಣ್ಣದಣ್ಣನ ಜೊತೆ ಹುಡುಗರಾಗಿದ್ದಾಗಿನಿಂದ ಕೆಲಸ ಮಾಡಿ, ಈಗ ತಂಡ ಕಟ್ಟಿಕೊಂಡು ಮೇಸ್ತ್ರಿಯಾಗಿರುವ ಗೆಳೆಯರೊಬ್ಬರಿದ್ದಾರೆ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ, ಹಾಗಾಗಿ ಉದ್ದ ಮೇಸ್ತ್ರಿ. ಅವರು ಬಂದು ಗೆಳೆಯನ ಪಕ್ಕ ಕುಳಿತು, ಹೇಳುವುದನ್ನು ಮುಚ್ಚುಮರೆ ಇಲ್ಲದೆ ಹೇಳಿದರು.

"ನೋಡು ಗುರುವೇ, ಶಾಲೆಗೆ ದೊಡ್ಡ ರಜೆ ಬಿಟ್ಟಾಗ ಅವರ ಇಡೀ ಕಟ್ಟಡ ಬಳಿಯೋಕೆ ಒಪ್ಪಿಕೊಂಡಿದ್ದೀನಿ. ಅಲ್ಲಿವರೆಗೂ ನಿನ್ನ ಜಾಗಕ್ಕೆ ಬೇರೆಯವರನ್ನ ತಗೊಳ್ಳಲ್ಲ. ಆದ್ರೆ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಹಿಂದೆ ನಿಂತು ಅದ್ದು, ಎತ್ತು, ಬಳಿ ಅಂತ ಹೇಳೋಕೆ ನನ್ನ ಹತ್ರ ಜನ ಇಲ್ಲ. ಅಷ್ಟರೊಳಗೆ ನೀನೇ ಶುರು ಮಾಡೋ ಹಾಗಾಗ್ಬೇಕು. ಆಗ್ದೇ ಇದ್ರೆ..." ಮುಂದಿನದನ್ನು ಅವರು ನೆಲಕ್ಕೆ ಹೇಳಿಕೊಂಡರು.

"ಆಯ್ತು," ಎಂದರು ಬಣ್ಣದಣ್ಣ.

ಅತ್ತಿಗೆಯ ತಮ್ಮ ವ್ಯಾನು ಓಡಿಸುವವನು. ಸಂಜೆ ಹಾದುಹೋಗುವಾಗ ಅಕ್ಕನ ಮನೆಯಲ್ಲಿ ಒಂದು ಲೋಟ ಚಹಾ ಕುಡಿದೇ ಹೋಗುವುದು. ಒಂದು ದಿನ, ಹಾಲು ಒಲೆಯ ಮೇಲಿಟ್ಟು ಅಂಗಡಿಗೆ ಹೋಗಿದ್ದ ಅಕ್ಕ, ದಾರಿಯಲ್ಲಿ ಸಿಕ್ಕ ತಮ್ಮ ಇಬ್ಬರೂ ಒಟ್ಟಿಗೇ ಒಳಗೆ ಬಂದಾಗ ಮನೆಯೆಲ್ಲ ಹೊತ್ತಿದ ಹಾಲಿನ ವಾಸನೆ. ಹಾಲು ಉಕ್ಕಿ, ಒಲೆ ಮುಳುಗಿ, ಗೋಡೆಯ ಮೇಲೆ ಚಿಮ್ಮಿ, ಪಾತ್ರೆಯ ತಳ ಕಪ್ಪಾಗಿತ್ತು. ಕೈಯಳತೆ ದೂರದಲ್ಲಿ ಬಣ್ಣದಣ್ಣ ಕುಳಿತಿದ್ದರು. ತಮ್ಮ ಓಡಿಹೋಗಿ ಒಲೆ ಆರಿಸಿದ.

"ಭಾವ, ಹಾಲು ಉಕ್ಕಿದ್ದು ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಕಾಣಿಸಿದ್ರೆ ಎದ್ದು ಆರಿಸ್ಬೇಕು ತಾನೇ?"

"ಹೌದು. ಆರಿಸ್ಬೇಕು ಅಂದ್ಕೊಂಡೆ."

"ಮತ್ತೆ?"

ಬಣ್ಣದಣ್ಣ ಪ್ರಾಮಾಣಿಕವಾಗಿ ಯೋಚಿಸಿದರು. "ಅಂದ್ಕೊಂಡೆ, ಅಷ್ಟೇ."

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ಒಲೆ ಒರೆಸತೊಡಗಿದರು. ಅಷ್ಟರಲ್ಲಿ ಕಿಟಕಿಯ ಬೆಳಕು ಕಂದಿತು. ಯಾರೂ ಏನೂ ಹೇಳದೆ ಬಣ್ಣದಣ್ಣ ಕುರ್ಚಿಯಿಂದ ಎದ್ದರು, ಹಿಂಬಾಗಿಲ ಮೊಳೆಯಿಂದ ಒಣಗಿದ, ಸ್ವಚ್ಛವಾದ, ಎಷ್ಟೋ ದಿನಗಳಿಂದ ಬಣ್ಣ ಕಾಣದ ಬ್ರಷ್ಷನ್ನು ತೆಗೆದು, ನಲ್ಲಿ ತಿರುಗಿಸಿ, ತೊಳೆಯತೊಡಗಿದರು.

"ನೋಡಕ್ಕಾ, ನೋಡು!" ತಮ್ಮನ ಸ್ವರ ಏರಿತು. "ತಮಗೆ ಬೇಕಾದಾಗ ಎಷ್ಟು ಚೆನ್ನಾಗಿ ಎದ್ರು! ಮನಸ್ಸಿದ್ರೆ ಮಾರ್ಗ. ಇವರಿಗೆ ಮನಸ್ಸೇ ಇಲ್ಲ. ಮಲಗಿರೋರನ್ನ ಎಬ್ಬಿಸ್ಬಹುದು, ಮಲಗಿದ ಹಾಗೆ ನಾಟಕ ಮಾಡೋರನ್ನ ಯಾರಪ್ಪ ಎಬ್ಬಿಸೋದು? ನೀನು ದುಡಿದು ಸಾಯಿ, ಇವರು ಕುರ್ಚಿ ಕಾಯ್ಲಿ."

"ನೀನು ಸುಮ್ನಿರೋ," ಎಂದರು ಅತ್ತಿಗೆ. ಆದರೆ ಮಾತು ಒಳಗೆ ಇಳಿದಿತ್ತು. ನಾಟಕವೇ ಇದ್ದರೆ? ಬ್ರಷ್ಷಿಗೆ ಏಳುವ ಕಾಲು ಹಾಲಿಗೆ ಯಾಕೆ ಏಳುವುದಿಲ್ಲ? ಬಿಸಿ ಬಟ್ಟೆ ಮಡಚುತ್ತ ಮಡಚುತ್ತ ಅವರು ಇದನ್ನೇ ಮಡಚಿ ಬಿಚ್ಚಿ ನೋಡಿದರು. ಎರಡು ದಿನ ಕಳೆದ ಮೇಲೆ, ಹೊಟ್ಟೆಯ ಸಿಟ್ಟು ಕೈಗೆ ಬಂದು, ಬ್ರಷ್ಷನ್ನು ಮೊಳೆಯಿಂದ ತೆಗೆದು ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟರು. ಹುಡುಕಲಿ, ಕೇಳಲಿ, ಕೂಗಾಡಲಿ, ಗುಟ್ಟು ಹೊರಗೆ ಬರಲಿ ಎಂದು.

ಬೆಳಕು ಕಂದಿತು. ಬಣ್ಣದಣ್ಣ ಎದ್ದರು. ಬರಿಯ ಮೊಳೆಯನ್ನು ನೋಡಿದರು. ಆಮೇಲೆ ನಲ್ಲಿ ತಿರುಗಿಸಿ, ನೀರಿನ ಕೆಳಗೆ ಏನೂ ಇಲ್ಲದ ಕೈಯನ್ನು ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಇಲ್ಲದ ಕೂದಲನ್ನು ಬಾಚಿದರು. ಹೆಬ್ಬೆರಳು ಇಲ್ಲದ ಬುಡವನ್ನು ಒತ್ತಿತು. ಒಮ್ಮೆ ಜಾಡಿಸಿ, ಬಂದು ಕುರ್ಚಿಯಲ್ಲಿ ಕುಳಿತರು. ಅತ್ತಿಗೆ ಬ್ರಷ್ಷನ್ನು ತಂದು ಮತ್ತೆ ಮೊಳೆಗೆ ತೂಗುಹಾಕಿದರು.

ಇದನ್ನು ಹೇಳುವಾಗ ಅತ್ತಿಗೆ ಸೆರಗಿನ ತುದಿಯನ್ನು ಸುತ್ತುತ್ತಿದ್ದರು. "ಆವತ್ತು ಗೊತ್ತಾಯ್ತು, ನಾಟಕ ಆಡೋಕೂ ಒಂದು ಮನಸ್ಸು ಬೇಕು ಅಂತ."

ಆಸ್ಪತ್ರೆಯಲ್ಲೇ, ತಲೆಗೆ ಪೆಟ್ಟಾದವರಿಗೆ ಮತ್ತೆ ಬದುಕು ಕಲಿಸುವ ವಿಭಾಗವೊಂದಿತ್ತು. ಅಲ್ಲಿನ ಥೆರಪಿ ಮೇಡಂ ವಯಸ್ಸಾದವರು, ಅವಸರವಿಲ್ಲದವರು. ಬ್ರಷ್ಷಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, ತಮ್ಮ ಹಣೆಯನ್ನೇ ಬೆರಳಿನಿಂದ ತಟ್ಟಿ ತೋರಿಸಿದರು.

"ರೂಢಿಯಾದ ಕೆಲಸ ಇದೆಯಲ್ಲಮ್ಮ, ಅದನ್ನ ಮಿದುಳು ಒಳಗೆ ಆಳದಲ್ಲಿ ಇಟ್ಕೊಂಡಿರುತ್ತೆ. ಬೆಳಕು ಕಂದಿದ್ರೆ ಸಾಕು, ಅದು ತಾನಾಗೇ ಓಡುತ್ತೆ. ಅದಕ್ಕೆ ಇಚ್ಛೆ ಬೇಕಾಗಿಲ್ಲ. ಆದ್ರೆ ಹೊಸದಾಗಿ ಏನಾದ್ರೂ ಶುರು ಮಾಡೋದು, ಇಷ್ಟ ಇಲ್ದಿದ್ರೂ ಏಳೋದು, ಕೈ ಹೋದ ಕಡೆ ಹೋಗದ ಹಾಗೆ ತಡೆಯೋದು, ಬೇಡ ಅನ್ನೋದು, ಇದೆಲ್ಲ ಹೆಚ್ಚಾಗಿ ಹಣೆ ಹಿಂದಿನ ಭಾಗದ ಉಸ್ತುವಾರಿ. ಇವರಿಗೆ ಪೆಟ್ಟು ಬಿದ್ದಿರೋದು ಅಲ್ಲಿಗೆ. ನಾವು ಛಲ, ಮನೋಬಲ ಅಂತೀವಲ್ಲ, ಅದಕ್ಕೂ ರಕ್ತಮಾಂಸ ಇದೆ. ಕಾಲು ಮುರಿದ ಹಾಗೆ ಅದೂ ಮುರಿಯುತ್ತೆ. ಹೊರಗೆ ಕಾಣಲ್ಲ, ಅಷ್ಟೇ."

"ಕಾಲಾದ್ರೆ ಪಟ್ಟಿ ಕಟ್ತಾರೆ ಮೇಡಂ. ಇದಕ್ಕೆ?"

"ನಡೆಸ್ಬೇಕು. ಪೆಟ್ಟಾದ ಜಾಗದ ಅಕ್ಕಪಕ್ಕ ಮಿದುಳು ಬೇರೆ ದಾರಿ ಹುಡುಕಿಕೊಳ್ಳುತ್ತೆ. ಹುಲ್ಲಿನ ಬಯಲಲ್ಲಿ ಜನ ತುಳಿದು ತುಳಿದು ಕಾಲುದಾರಿ ಆಗುತ್ತಲ್ಲ, ಹಾಗೆ. ಮನಸ್ಸಿಲ್ಲದ ಕೆಲಸಾನ ತಾನೇ ಶುರು ಮಾಡಿದಾಗೆಲ್ಲ ಒಂದು ಹೆಜ್ಜೆ ಗುರುತು ಬೀಳುತ್ತೆ. ಎಷ್ಟು ದಾರಿ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ನಮಗೂ ಪೂರ್ತಿ ಗೊತ್ತಿಲ್ಲ." ಆಮೇಲೆ ಅತ್ತಿಗೆಯ ಮುಖವನ್ನು ನೋಡಿ ಮೆಲ್ಲಗೆ ಕೇಳಿದರು, "ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಅತ್ತಿಗೆ ಬೆರಳು ಮಡಚಿ ಎಣಿಸಲು ಹೋಗಿ, ಅರ್ಧಕ್ಕೇ ಬಿಟ್ಟರು.

"ಇವರನ್ನ ಏಳಿಸೋದು, ಉಣ್ಣಿಸೋದು, ಪ್ರತಿಯೊಂದಕ್ಕೂ ನೀವೇ ಹೇಳ್ತಿದ್ದೀರ. ಅಂದ್ರೆ ಇಬ್ಬರ ಹಣೆ ಕೆಲಸ ಒಂದೇ ಹಣೆ ಮಾಡ್ತಿದೆ. ಅದಕ್ಕೇ ಇಷ್ಟು ಸುಸ್ತು. ಇನ್ನೊಂದು ವಿಷಯ, ಬೇಜಾರು ಮಾಡ್ಕೋಬೇಡಿ. ನೀವು 'ಏಳಿ' ಅಂದಾಗ ಶುರು ಮಾಡಿದ್ದು ನೀವು. ಅವರ ದಾರಿ ತುಳಿದ ಹಾಗಾಗ್ಲಿಲ್ಲ. ಬಾಯಲ್ಲಿ ಹೇಳೋದು ಕಡಿಮೆ ಮಾಡಿ. ವಸ್ತುಗಳೇ ಹೇಳಲಿ. ಟವೆಲ್ ಅವರ ತೊಡೆ ಮೇಲೆ ಇಡಿ, ಚಪ್ಪಲಿ ಕಾಲ ಮುಂದೆ ಇಡಿ. ಆಮೇಲೆ ಕಾಯಿರಿ. ಕಷ್ಟ ಇರೋದು ಆ ಕಾಯೋದ್ರಲ್ಲೇ."

ಹೊರಗೆ ಬರುವಾಗ ಅತ್ತಿಗೆ ಹೇಳಿದರಂತೆ, "ಹಣೆಬರಹ ಅಂತಾರಲ್ಲ ಮೇಡಂ, ಇವರದು ಮೆಟ್ಟಿಲಿಗೆ ಉಜ್ಜಿ ಹೋಯ್ತು." ಮೇಡಂ ನಕ್ಕರಂತೆ. ಅತ್ತಿಗೆಯೂ ನಕ್ಕರಂತೆ, ತಿಂಗಳುಗಳ ನಂತರ.

ಕಾಯುವುದು ಎಂದರೆ ಏನೆಂದು ಆಗ ತಿಳಿಯಿತು. ತೊಡೆಯ ಮೇಲೆ ಟವೆಲ್ ಇಟ್ಟುಕೊಂಡು ಗಂಡ ಕುಳಿತಿದ್ದಾರೆ. "ಏಳಿ" ಎಂಬ ಎರಡಕ್ಷರ ಅತ್ತಿಗೆಯ ನಾಲಿಗೆಯ ತುದಿಗೆ ಬಂದು ನಿಂತಿದೆ. ಹೇಳಿದರೆ ಮುಗಿಯಿತು, ತಾವು ಮಲಗಬಹುದು. ಹೇಳಬಾರದು. ದೇವರಲ್ಲಿ ಬೇಡುವುದನ್ನು ಅವರು ಯಾವತ್ತೂ ಬಿಟ್ಟವರಲ್ಲ. ಬೇಡಿಕೆ ಮಾತ್ರ ಸಣ್ಣದಾಗುತ್ತ ಬಂದಿತ್ತು. ಮೊದಲು, ಇವರನ್ನು ಮೊದಲಿನ ಹಾಗೆ ಮಾಡು. ಆಮೇಲೆ, ಇವತ್ತು ತಾವಾಗಿ ಎದ್ದು ಸ್ನಾನ ಮಾಡಲಿ. ಈಗ, ನನ್ನ ಬಾಯಿ ಮುಚ್ಚಿಸು ತಂದೆ, ಇನ್ನು ಸ್ವಲ್ಪ ಹೊತ್ತು. ಸಣ್ಣ ಬೇಡಿಕೆಗಳನ್ನು ದೇವರು ಬೇಗ ಕೇಳಿಸಿಕೊಳ್ಳುತ್ತಾನೆ ಎಂದು ನನಗೂ ಅನ್ನಿಸಿದ್ದುಂಟು. ಕೆಲವು ದಿನ ಟವೆಲ್ ಎದ್ದಿತು. ಹೆಚ್ಚಿನ ದಿನ ಏಳಲಿಲ್ಲ.

ತಿರುವು ಬಂದದ್ದು ಅತ್ತಿಗೆಯ ಪಳಗದ ಕೈಯಿಂದ. ಒಲೆಯ ಹಿಂದಿನ ಗೋಡೆಯ ಮೇಲೆ ಆ ಹಾಲಿನ ಕಲೆ ಹಾಗೇ ಉಳಿದಿತ್ತು. ರಜೆಯ ದಿನ ಅದನ್ನು ನೋಡಿ ನೋಡಿ ರೋಸಿಹೋಗಿ, ಮಂಚದಡಿ ಇದ್ದ ಬಣ್ಣದ ಡಬ್ಬ ತೆರೆದು, ಮೊಳೆಯ ಬ್ರಷ್ ತೆಗೆದುಕೊಂಡು, ತಾವೇ ಬಳಿಯಹೊರಟರು. ಬಣ್ಣದವನ ಹೆಂಡತಿಯಾದರೂ ಬ್ರಷ್ ಹಿಡಿದವರಲ್ಲ. ಬಳಿಯುವವರು ಮೇಲಿನ ಮೂಲೆಯಿಂದ ಶುರು ಮಾಡುತ್ತಾರೆ. ಬಳಿದ ಭಾಗದ ಅಂಚು ಹಸಿಯಾಗಿರುವಾಗಲೇ ಮುಂದಿನದನ್ನು ಅದಕ್ಕೆ ಸೇರಿಸಿಕೊಂಡು ಹೋಗುತ್ತಾರೆ. ನಡುವೆ ನಿಲ್ಲಿಸಿದರೆ ಅಂಚು ಒಣಗಿ, ಆಮೇಲೆ ಎಷ್ಟು ಕೈ ಬಳಿದರೂ ಅಲ್ಲೊಂದು ಗೆರೆ ಕಂಡೇ ಕಾಣುತ್ತದೆ. ಅದಕ್ಕೇ ಬಣ್ಣದವರು ಗೋಡೆಯ ಮಧ್ಯದಲ್ಲಿ ಊಟಕ್ಕೂ ಏಳುವುದಿಲ್ಲ. ಅತ್ತಿಗೆ ನೇರ ಗೋಡೆಯ ನಟ್ಟನಡುವೆ, ಕಲೆಯ ಮೇಲೆ, ಒಂದು ದಪ್ಪ ಪಟ್ಟೆ ಎಳೆದರು. ಅಷ್ಟರಲ್ಲಿ ಹೊರಗೆ ಯಾರೋ ಕೂಗಿದರು. ಬ್ರಷ್ ಡಬ್ಬದ ಮೇಲಿಟ್ಟು ಹೋದರು.

ತಿರುಗಿ ಬಂದಾಗ ಕುರ್ಚಿ ಖಾಲಿಯಿತ್ತು. ಬಣ್ಣದಣ್ಣ ಗೋಡೆಯ ಮುಂದೆ ನಿಂತು, ಆ ಪಟ್ಟೆಯ ಅಂಚನ್ನು ಎಳೆದು ಮೂಲೆಗೆ ಸೇರಿಸಿ, ಮೂಲೆಯಿಂದ ಕೆಳಗಿಳಿಸಿ, ತಲೆ ಓರೆ ಮಾಡಿ ಬೆಳಕಿಗೆ ನೋಡುತ್ತ ಬಳಿಯುತ್ತಿದ್ದರು. ಅತ್ತಿಗೆ ಬಾಗಿಲಲ್ಲೇ ಕಲ್ಲಾದರು. ಗೋಡೆ ಮುಗಿಯಿತು. ಅವರು ಬ್ರಷ್ ಕೆಳಗಿಟ್ಟು ಕುರ್ಚಿಗೆ ಹೋಗಿ ಕುಳಿತರು.

"ರೀ, ಏನಾಯ್ತು?"

"ಅಂಚು ಒಣಗ್ತಿತ್ತು," ಎಂದರು.

ಥೆರಪಿ ಮೇಡಂ ಇದನ್ನು ಕೇಳಿ ಮೇಜು ತಟ್ಟಿದರಂತೆ. "ನಾನು ಟವೆಲ್ ಅಂದೆ, ನಿಮ್ಮ ಗೋಡೆ ನನಗಿಂತ ಜಾಣ! ದಿನಾ ಒಂದು ಪಟ್ಟೆ ಎಳೀರಿ. ಹೇಗಿದ್ರೂ ಕೆಟ್ಟದಾಗೇ ಎಳೀತೀರಲ್ಲ, ಹಾಗೇ ಎಳೀರಿ. ಸ್ವಲ್ಪ ದಿನ ಆದ್ಮೇಲೆ ಪಟ್ಟೆ ಚಿಕ್ಕದು ಮಾಡ್ತಾ ಬನ್ನಿ."

ಅಂದಿನಿಂದ ಆ ಮನೆಯಲ್ಲಿ ಅದೇ ಕೆಲಸ. ಹಾಸಿಗೆ ಬಟ್ಟೆ ಮಡಚಿ ಸೋತ ಕೈಯಲ್ಲಿ ಅತ್ತಿಗೆ ಒಂದು ಪಟ್ಟೆ ಎಳೆದು, ಬೆನ್ನು ತಿರುಗಿಸಿ ನಿಲ್ಲುವರು. ಬಣ್ಣದಣ್ಣ ಎದ್ದು ಬರುವರು. ಅಡುಗೆಮನೆ ಮುಗಿಯಿತು, ಮಲಗುವ ಕೋಣೆ ಮುಗಿಯಿತು, ಮತ್ತೆ ಅಡುಗೆಮನೆ. ಬೀದಿಯಲ್ಲಿ ಅಳಿದುಳಿದ ಬಣ್ಣವನ್ನೆಲ್ಲ ಜನ ತಂದುಕೊಟ್ಟರು. ಒಂದು ಗೋಡೆ ಹಳದಿ, ಒಂದು ಬೂದಿ, ಒಂದಕ್ಕೆ ಹೆಸರೇ ಇಲ್ಲ.

"ಅಮ್ಮಾ, ಗೋಡೆ ದಿನಾ ದಪ್ಪ ಆಗ್ತಿದೆ," ಎಂದಳು ಮಗಳು. "ಹೀಗೇ ಆದ್ರೆ ನಾವು ನಿಂತುಕೊಂಡೇ ಮಲಗ್ಬೇಕು."

ಆವತ್ತು ಬಣ್ಣದಣ್ಣನ ತುಟಿಯ ಒಂದು ಮೂಲೆ ಅಲುಗಿತು. ಅತ್ತಿಗೆ ಅದನ್ನು ಕಂಡರು, ಯಾರಿಗೂ ಹೇಳಲಿಲ್ಲ, ದೇವರಿಗೆ ಮಾತ್ರ ಹೇಳಿದರು.

ಪಟ್ಟೆ ಅಂಗೈಯಗಲವಾಯಿತು, ಬೆರಳಿನಗಲವಾಯಿತು, ಕೊನೆಗೆ ಒಂದು ಬೊಟ್ಟು. ಬೊಟ್ಟಿಗೂ ಅವರು ಏಳುತ್ತಿದ್ದರು. ಬೊಟ್ಟನ್ನೂ ಬಿಟ್ಟು ಬರಿಯ ಡಬ್ಬ ತೆರೆದಿಟ್ಟ ದಿನ ಎಲ್ಲವೂ ನಿಂತಿತು. ಬಣ್ಣದಣ್ಣ ಎದ್ದು ಬಂದರು, ಬ್ರಷ್ ಅದ್ದಿದರು, ಗೋಡೆಯ ಮುಂದೆ ಹಿಡಿದರು, ಅಲ್ಲೇ ನಿಂತರು. ಬಣ್ಣ ತೊಟ್ಟಿಕ್ಕಿ ನೆಲಕ್ಕೆ ಬಿತ್ತು. ಖಾಲಿ ಗೋಡೆಗೆ ಅಂಚೇ ಇಲ್ಲ, ಒಣಗುವುದೇನು? ಡಬ್ಬದಲ್ಲಿ ಬಣ್ಣದ ಮೇಲೆ ಕೆನೆ ಕಟ್ಟಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಅತ್ತಿಗೆ ಆ ಕಡೆ ನೋಡದೆ, ತುಟಿ ಕಚ್ಚಿಕೊಂಡು, ಮಡಚಿದ್ದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದರು. "ಇವರು ಗೋಡೆ ಎದುರಿಗೆ, ನಾನು ಇವರ ಎದುರಿಗೆ. ಇಬ್ಬರಲ್ಲಿ ಯಾರಿಗೆ ಹೆಚ್ಚು ಕಷ್ಟ ಅಂತ ದೇವರೇ ಹೇಳ್ಬೇಕು," ಎಂದರು ನನ್ನ ಹತ್ತಿರ.

ಅಷ್ಟರಲ್ಲಿ ಶಾಲೆಗೆ ರಜೆ ಬಿಟ್ಟಿತು.

ಉದ್ದ ಮೇಸ್ತ್ರಿ ಮಾತಿನ ಪ್ರಕಾರ ಬಂದು ಕರೆದುಕೊಂಡು ಹೋದರು. ಬೊಟ್ಟಿನ ಸಂಗತಿಯನ್ನು ಅತ್ತಿಗೆ ಅವರಿಗೆ ಮುಚ್ಚಿಡದೆ ಹೇಳಿದ್ದರು. ಆ ದಿನ ಅತ್ತಿಗೆಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಎದುರಿನವಳು ಎರಡು ಸಲ "ಮೂಲೆ, ಮೂಲೆ" ಎಂದು ಎಚ್ಚರಿಸಿದಳು. ಮಧ್ಯಾಹ್ನ ಬಿಡುವಿನಲ್ಲಿ ಶಾಲೆಗೆ ನಡೆದರು.

ಬೆಂಚುಗಳನ್ನೆಲ್ಲ ಮಧ್ಯಕ್ಕೆ ತಳ್ಳಿ, ಮೇಲೆ ಹಳೆಯ ಬಟ್ಟೆ ಹೊದಿಸಿದ್ದ ಕೋಣೆ. ಎಲ್ಲ ಗೋಡೆಗಳೂ ಉಜ್ಜಿ, ಬಿರುಕುಗಳಿಗೆ ಪುಟ್ಟಿ ತುಂಬಿ, ಬೋಳಾಗಿ ನಿಂತಿದ್ದವು. ಬಣ್ಣದಣ್ಣ ಕರಿಹಲಗೆಯ ಪಕ್ಕದ ಗೋಡೆಯ ಮುಂದೆ, ಬ್ರಷ್ ಎತ್ತಿ ಹಿಡಿದು ನಿಂತಿದ್ದರು. ಅವರ ಬಲಗಾಲಿನ ಚಪ್ಪಲಿಯ ಮೇಲೆ ತೊಟ್ಟಿಕ್ಕಿದ ಬಣ್ಣ ಆಗಲೇ ಒಣಗಿತ್ತು. ಅಕ್ಕಪಕ್ಕದ ಕೋಣೆಗಳಿಂದ ರೋಲರ್ ಉರುಳುವ ಸದ್ದು, ಯಾರದೋ ನಗು. ಅತ್ತಿಗೆ ಬಾಗಿಲ ಹೊರಗೇ, ಅವರಿಗೆ ಕಾಣದ ಹಾಗೆ ನಿಂತರು. ಕೈ ತಾನಾಗಿ ಬಾಯಿಗೆ ಹೋಯಿತು.

ಇನ್ನೊಂದು ಬಾಗಿಲಿನಿಂದ ಉದ್ದ ಮೇಸ್ತ್ರಿ ತಲೆ ಬಗ್ಗಿಸಿ ಒಳಗೆ ಬಂದರು. ಗೆಳೆಯನ ಚಪ್ಪಲಿಯನ್ನು ನೋಡಿದರು, ಬೋಳು ಗೋಡೆಯನ್ನು ನೋಡಿದರು, ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟರು.

"ಗುರುವೇ, ಯಾಕಿಷ್ಟು ಒದ್ದಾಡ್ತೀಯ? ಒಂದೇ ಒಂದು ಗೆರೆ ನಾನು ಎಳೆದುಬಿಡ್ತೀನಿ, ಕೊಡಿಲ್ಲಿ. ಇವತ್ತಷ್ಟೇ ಅಲ್ಲ, ದಿನಾ ಬೆಳಿಗ್ಗೆ ಬಂದು ಎಳೆದು ಹೋಗ್ತೀನಿ. ನನಗೇನು ಭಾರ? ಯಾರಿಗೂ ಗೊತ್ತಾಗಲ್ಲ. ನಿನ್ನ ಜಾಗ ನಿನಗೇ ಇರುತ್ತೆ."

ಕೊಡಲಿ, ಎಂದುಕೊಂಡರು ಅತ್ತಿಗೆ. ಆಸೆಯಿಂದಲ್ಲ, ಆಯಾಸದಿಂದ. ಜಾಗ ಉಳಿಯಲಿ, ದಾರಿ ಆದಾಗ ಆಗಲಿ, ನನಗೆ ಒಂದು ಸಂಜೆ ಕಾಲು ಚಾಚಿ ಕೂರಲು ಸಿಕ್ಕಲಿ. ಬಣ್ಣದಣ್ಣ ಆಯ್ತು ಎನ್ನುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಬಿದ್ದಂದಿನಿಂದ, ಏನು ಮಾಡಿ ಎಂದರೂ ಅವರ ಬಾಯಲ್ಲಿ ಬೇರೆ ಉತ್ತರ ಬಂದದ್ದಿಲ್ಲ. ಮೇಸ್ತ್ರಿಯ ಉದ್ದನೆಯ ಕೈ ಬ್ರಷ್ಷಿನ ಹಿಡಿಯತ್ತ ಚಾಚಿತು.

ಬಣ್ಣದಣ್ಣನ ಬೆರಳುಗಳು ಹಿಡಿಯ ಸುತ್ತ ಬಿಗಿಯಾದವು.

"ಬೇಡ," ಎಂದರು.

ಮೇಸ್ತ್ರಿಗೆ ಸರಿಯಾಗಿ ಕೇಳಿಸಲಿಲ್ಲ. "ಏನಂದೆ?"

"ಬೇಡ ಬಿಡೋ." ಪ್ರತಿಯೊಂದು ಮಾತೂ ಬಾವಿಯಿಂದ ಸೇದಿದ ಹಾಗೆ ಮೇಲೆ ಬರುತ್ತಿತ್ತು, ಆದರೆ ಬರುತ್ತಿತ್ತು. ಕಣ್ಣು ಗೋಡೆಯ ಮೇಲಿನ ಮೂಲೆಯಿಂದ ಕದಲಲಿಲ್ಲ. "ನಿನ್ನ ಗೆರೆ ಯಾವತ್ತು ನೆಟ್ಟಗಿತ್ತು? ಅದನ್ನ ಸರಿ ಮಾಡೋದೇ ನನಗೆ ಇನ್ನೊಂದು ಕೆಲಸ. ನಿನ್ನ ಕೋಣೆ ನೋಡ್ಕೋ ಹೋಗು. ನಾನೇ ಎಳೀತೀನಿ. ಹೊತ್ತಾಗುತ್ತೆ... ಆಗ್ಲಿ."